ಬೀಗರ ಬಲಾಬಲ

ತುಮಕೂರಿನ ಬಟವಾಡಿಯ ಸೋಮಶೇಖರ್ ಅವರಿಗೆ ದೇವರು ಎರಡನ್ನು ಧಾರಾಳವಾಗಿ ಕೊಟ್ಟಿದ್ದ. ಒಂದು ಮೈ, ಇನ್ನೊಂದು ಮಾತು. ಮೈ ವಿಚಾರಕ್ಕೆ ಅವರೆಂದೂ ತಲೆ ಕೆಡಿಸಿಕೊಂಡವರಲ್ಲ. ಅವರು ಹತ್ತಿದ ಆಟೋದಲ್ಲಿ ಡ್ರೈವರು ಇನ್ನೊಬ್ಬರನ್ನು ಕೂರಿಸುತ್ತಿರಲಿಲ್ಲ. ಅದು ತಮಗೆ ಸಿಗುತ್ತಿರುವ ಮರ್ಯಾದೆ ಎಂದೇ ತಿಳಿದಿದ್ದರು. ಕೊರಗೆಲ್ಲ ಮಾತಿನದು. ಮಾತು ಬೇಕಾದಷ್ಟಿತ್ತು, ಮೈಕು ಸಿಗುತ್ತಿರಲಿಲ್ಲ.

ದಿನಾ ಬಸ್ಸಿನಲ್ಲಿ ಗುಬ್ಬಿಗೆ ಹೋಗಿ, ಅಲ್ಲಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿ ಬರುವವರು ಅವರು. ಕಚೇರಿಯ ಸಮಾರಂಭಗಳಲ್ಲಿ ಪ್ರಾರ್ಥನೆ, ಸ್ವಾಗತ, ನಿರೂಪಣೆ ಎಲ್ಲವೂ ಬೇರೆಯವರ ಪಾಲಾಗಿ ಇವರಿಗೆ ಉಳಿಯುತ್ತಿದ್ದುದು ವಂದನಾರ್ಪಣೆ. ಹೋದ ರಾಜ್ಯೋತ್ಸವದಲ್ಲಿ ಅವರು ಒಬ್ಬೊಬ್ಬರಿಗೇ ವಂದಿಸುತ್ತಾ ಶಾಮಿಯಾನದವನ ಹೆಸರಿಗೆ ಬರುವಷ್ಟರಲ್ಲಿ ಅವನು ಶಾಮಿಯಾನ ಬಿಚ್ಚಿ ಗಾಡಿಗೆ ಹೇರಿಕೊಂಡು ಹೊರಟುಹೋಗಿದ್ದ. ಅವತ್ತಿನಿಂದ ವಂದನಾರ್ಪಣೆಯನ್ನೂ ಅವರ ಕೈಯಿಂದ ಕಿತ್ತುಕೊಂಡರು.

ಹೀಗಿರುವಾಗ, ಜಿಲ್ಲೆಯ ನೌಕರರ ಕ್ರೀಡಾಕೂಟ ಇನ್ನೇನು ಬಂತು ಎನ್ನುವಾಗ, ಅದೇ ಕಚೇರಿಯ ನಯೀಮ್ ಬಂದು ಸೋಮಶೇಖರ್ ಅವರ ಮೇಜಿನ ಮುಂದೆ ಕೈ ಕೈ ಹೊಸೆಯುತ್ತಾ ನಿಂತ. ನಯೀಮ್ ಕಚೇರಿಯ ಹಗ್ಗಜಗ್ಗಾಟದ ತಂಡದ ನಾಯಕ. ಹಗ್ಗದ ಕಟ್ಟಕಡೆಗೆ, ಹಗ್ಗವನ್ನು ಮೈಗೆ ಸುತ್ತಿಕೊಂಡು ಗೂಟದಂತೆ ನಿಲ್ಲುವ ಭಾರಿ ಆಳಿಗೆ ಆ ಆಟದವರು ಆಂಕರ್ ಅನ್ನುತ್ತಾರೆ. ಗುಬ್ಬಿ ತಂಡದ ಆಂಕರ್ ಮಂಡಿ ಆಪರೇಷನ್ ಮಾಡಿಸಿಕೊಂಡು ಮನೆಯಲ್ಲಿ ಮಲಗಿದ್ದ.

"ಸಾರ್, ಈ ಸಲ ನಮಗೆ ನೀವೇ ಆಂಕರ್ ಆಗ್ಬೇಕು" ಎಂದ ನಯೀಮ್.

ಸೋಮಶೇಖರ್ ಅವರ ಕೈಯಲ್ಲಿದ್ದ ಕಾಫಿ ಲೋಟ ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತು. ಅವರಿಗೆ ಗೊತ್ತಿದ್ದ ಆಂಕರ್ ಒಬ್ಬನೇ: ಟೀವಿಯಲ್ಲಿ ಮೈಕು ಹಿಡಿದು, "ಎಲ್ಲರಿಗೂ ನಮಸ್ಕಾರ" ಅನ್ನುತ್ತಾ ಓಡಾಡುವವನು. ಕೊನೆಗೂ ಗುಬ್ಬಿಗೆ ಕಣ್ಣು ಬಂತಲ್ಲ ಎಂದುಕೊಂಡರು.

"ನಾನಾ?"

"ನಿಮ್ಮನ್ನ ಬಿಟ್ರೆ ಇಡೀ ತಾಲ್ಲೂಕಲ್ಲಿ ಇನ್ಯಾರಿದಾರೆ ಸಾರ್? ನೀವು ಸುಮ್ನೆ ನಿಂತ್ರೂ ಸಾಕು, ಒಂದು ತೂಕ ಇರುತ್ತೆ."

ಹಿರಿಯರ ಮುಖಕ್ಕೆ ಹೊಡೆದಂತೆ "ನೀವು ದಪ್ಪ ಇದೀರಿ" ಅಂತ ಹೇಳುವುದಾದರೂ ಹೇಗೆ? ನಯೀಮ್ ಒಳ್ಳೆಯ ಮನೆಯವನು, ತೂಕ ಎಂದು ಸುಮ್ಮನಾದ. ಜಗತ್ತಿನ ಅರ್ಧ ಅನಾಹುತಗಳು ಆಗುವುದು ಕೆಟ್ಟವರಿಂದಲ್ಲ, ಇಂಥ ಸಂಭಾವಿತರಿಂದ.

"ಪ್ರಾಕ್ಟೀಸ್‌ಗೆ ಬಂದ್ರೆ ಒಳ್ಳೇದು ಸಾರ್" ಎಂದ ಹೋಗುವಾಗ.

"ನನಗ್ಯಾಕಪ್ಪಾ ಪ್ರಾಕ್ಟೀಸು? ಹುಟ್ಟಿದಾಗಿಂದ ಮಾಡ್ತಾ ಇರೋದು ಅದನ್ನೇ."

ಸೋಮಶೇಖರ್ ಅವರ ಹೊಟ್ಟೆಯ ಕಡೆ ನಯೀಮ್ ಭಕ್ತಿಯಿಂದ ನೋಡಿ, "ಅದು ಗೊತ್ತಾಗುತ್ತೆ ಸಾರ್" ಎಂದು ಹೊರಟ.

ಸಂಜೆ ಮನೆ ಬಾಗಿಲಲ್ಲೇ ಸೋಮಶೇಖರ್ ಸುದ್ದಿ ಬಿಚ್ಚಿದರು. ಅವರ ಹೆಂಡತಿ ಗಂಗಾಂಬಿಕೆ ಸಂತೋಷಪಡಲಿಲ್ಲ, ಗಾಬರಿಪಟ್ಟರು.

"ರೀ, ದಯವಿಟ್ಟು ಈಗ ನಾಕು ದಿನ ಬಾಯಿ ಬಿಗಿ ಹಿಡ್ಕೊಂಡಿರಿ. ಕುಣಿಗಲ್ ಕಡೆಯಿಂದ ಇನ್ನೂ ಹೂಂ ಅಂತ ಬಂದಿಲ್ಲ. ನೀವೇನೋ ಮಾತಾಡೋದು, ಅವರೇನೋ ತಿಳ್ಕೊಳ್ಳೋದು, ಸಂಬಂಧ ಮುರಿಯೋದು. ಬೇಕಾ ನಮಗೆ?"

ಕುಣಿಗಲ್ ಕಡೆ ಅಂದರೆ ಅಲ್ಲಿ ಸರ್ಕಾರಿ ನೌಕರಿಯಲ್ಲಿರುವ ರುದ್ರಯ್ಯನವರ ಮನೆ. ಸೋಮಶೇಖರ್ ಅವರ ಮಗಳು ಪಲ್ಲವಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಾಳೆ. ರುದ್ರಯ್ಯನವರ ಮಗ ಚೈತನ್ಯ ದನದ ಡಾಕ್ಟರು. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿ, ಆಮೇಲೆ ಮನೆಯವರಿಗೆ ತಿಳಿಸಿದ್ದರು. ಕುಲ, ಮಠ, ಜಾತಕ, ಎಲ್ಲ ಕೂಡಿಬಂದಿತ್ತು. ತಾಯಂದಿರು ಆಗಲೇ ಫೋನಿನಲ್ಲಿ ಸೀರೆ ಮಾತಾಡುವ ತನಕ ಹೋಗಿದ್ದರು. ಉಳಿದಿದ್ದು ರುದ್ರಯ್ಯನವರ ಒಂದು "ಹೂಂ". ಅವರು ಮಾತ್ರ ಯಾವಾಗ ಕೇಳಿದರೂ "ನೋಡಣ" ಅನ್ನುತ್ತಿದ್ದರು. ಅವರ ಸಿಟ್ಟು ಹೆಸರಾದದ್ದು. ಯಾವುದೋ ಆಟದಲ್ಲಿ ತಮ್ಮನ್ನು ಸೋಲಿಸಿದ್ದಕ್ಕೆ ಸ್ವಂತ ಷಡ್ಡಕನ ಜೊತೆ ಮಾತು ಬಿಟ್ಟು, ಅವನ ಮನೆ ಗೃಹಪ್ರವೇಶಕ್ಕೂ ಹೋಗದ ಆಸಾಮಿ.

"ಅಪ್ಪ, ಅಮ್ಮ ಹೇಳೋದು ಸರಿ" ಎಂದಳು ಪಲ್ಲವಿ ಮೆಲ್ಲಗೆ. ಅವಳ ದನಿಯಲ್ಲಿದ್ದ ಆತಂಕ ಸೋಮಶೇಖರ್ ಅವರಿಗೂ ಕೇಳಿಸಿತು. ಮಗಳಿಗೆ ಈ ಸಂಬಂಧ ತಪ್ಪಿದರೆ ಅವಳು ಇನ್ನೊಂದಕ್ಕೆ ಒಪ್ಪುವುದಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದ್ದರಿಂದ ಬಾಯಿ ಮುಚ್ಚಿಕೊಂಡಿರಬೇಕು ಎಂದು ಗಟ್ಟಿ ಮನಸ್ಸು ಮಾಡಿ, ಊಟ ಮುಗಿದ ತಕ್ಷಣ ಮಹಡಿ ಮೇಲೆ ಹೋಗಿ ರುದ್ರಯ್ಯನವರಿಗೆ ಫೋನು ಹಚ್ಚಿದರು.

"ಸ್ವಾಮಿ, ಭಾನುವಾರ ಕ್ರೀಡಾಕೂಟಕ್ಕೆ ಮನೆಯವರನ್ನೆಲ್ಲ ಕರ್ಕೊಂಡು ಬರ್ಬೇಕು. ಈ ಸಲ ನಾನು ಆಂಕರ್ರು."

ಆ ಕಡೆಯಿಂದ ಬಂದ ಅಬ್ಬರಕ್ಕೆ ಫೋನನ್ನು ಕಿವಿಯಿಂದ ಗೇಣು ದೂರ ಹಿಡಿಯಬೇಕಾಯಿತು.

"ಏನಂದ್ರಿ? ನೀವು ಆಂಕರ್ರಾ? ಅಲ್ರೀ, ಮೊದಲೇ ಹೇಳ್ಬಾರ್ದಾ! ನಾನೂ ಆಂಕರ್ರೇ! ಕುಣಿಗಲ್ಲಿಗೆ ನನ್ನ ಬಿಟ್ರೆ ಬೇರೆ ಆಂಕರ್ರೇ ಇಲ್ಲ ಕಣ್ರೀ!"

ಸೋಮಶೇಖರ್ ಹಿಗ್ಗಿದರು. ಇಷ್ಟು ಕಮ್ಮಿ ಮಾತಾಡುವ ಮನುಷ್ಯನನ್ನು ಕುಣಿಗಲ್‌ನವರು ನಿರೂಪಣೆಗೆ ಹೇಗೆ ಹಾಕಿಕೊಂಡರು ಎಂಬ ಅನುಮಾನ ಒಂದು ಗಳಿಗೆ ಬಂತು, ಹೋಯಿತು.

"ಹಾಗಾದ್ರೆ ಇಬ್ರೂ ಅಕ್ಕಪಕ್ಕ ನಿಂತ್ಕೊಂಡುಬಿಡಣ ಸ್ವಾಮಿ!"

"ಅಕ್ಕಪಕ್ಕ ನಿಂತ್ಕೊಂಡು ಏನ್ರೀ ಮಾಡೋದು? ಎದುರುಬದುರು ನಿಲ್ಬೇಕು. ಆಗಲೇ ಜನಕ್ಕೆ ಮಜಾ."

"ಅದೂ ಸರೀನೇ. ಎಳೀಬೇಕು ನೋಡಿ ಜನಾನ."

"ಎಳೀಬೇಕು! ಶುರೂನಲ್ಲೇ ಎಳ್ದುಬಿಡ್ಬೇಕು. ಆಮೇಲೆ ಎಳೀತೀನಿ ಅಂದ್ರೆ ಆಗಲ್ಲ."

"ನಾನಂತೂ ಒಂದ್ಸಲ ಕೈಗೆ ಸಿಕ್ರೆ ಬಿಡೋ ಪೈಕಿ ಅಲ್ಲ. ಬೇರೆಯೋರು ಬಂದು ಕಿತ್ಕೋಬೇಕು, ಅಷ್ಟೇ."

"ಭೇಷ್! ಹಂಗಿರ್ಬೇಕು ಗಂಡಸು! ಸೊಂಟ ಹೆಂಗಿದೆ?"

"ಸೊಂಟಕ್ಕೇನು, ಚೆನ್ನಾಗಿದೆ. ನನಗೆ ಯೋಚನೆ ಇರೋದು ಗಂಟಲದ್ದು. ಅಷ್ಟು ಹೊತ್ತು ಕೂಗ್ಬೇಕಲ್ಲ."

"ಕೂಗಿ, ಕೂಗಿ. ಕೂಗಿದ್ರೆ ದಮ್ಮು ಬರುತ್ತೆ." ರುದ್ರಯ್ಯನವರು ದನಿ ತಗ್ಗಿಸಿದರು. "ನೋಡಿ ಸ್ವಾಮಿ, ಮನೆಗೆ ಬಂದು ಉಪ್ಪಿಟ್ಟು ತಿಂದಾಗ ಯಾರ ಯೋಗ್ಯತೆನೂ ತಿಳಿಯಲ್ಲ. ಮೈದಾನದಲ್ಲಿ ತಿಳಿಯುತ್ತೆ. ಭಾನುವಾರ ನಿಮ್ಮನ್ನ ಅಲ್ಲಿ ನೋಡ್ತೀನಿ. ನಮ್ಮ ಹುಡುಗ, ನಿಮ್ಮ ಹುಡುಗಿ ವಿಚಾರ ಅವತ್ತೇ ಒಂದು ಮಾತು ಹೇಳ್ಬಿಡ್ತೀನಿ. ಆಗುತ್ತೆ ಅಂದ್ರೆ ಆಗುತ್ತೆ, ಇಲ್ಲ ಅಂದ್ರೆ ಇಲ್ಲ."

ಕೆಳಗೆ ಬಂದು ಸೋಮಶೇಖರ್ ಎದೆಯುಬ್ಬಿಸಿ, "ಗಂಡಿನಪ್ಪನ್ನ ಮಾತಲ್ಲೇ ಗೆದ್ದು ಬಂದೆ. ಭಾನುವಾರ ನನ್ನ ಕಾರ್ಯಕ್ರಮ ನೋಡಿ ಹೂಂ ಅಂತಾರೆ" ಎಂದರು. ಗಂಗಾಂಬಿಕೆ ದೇವರ ಮುಂದೆ ಹೋಗಿ ಎರಡು ದೀಪ ಹಚ್ಚಿದರು.

ಮಾರನೆಯ ದಿನ ಜುಬ್ಬದ ಕೆಲಸ. ಅದೇ ಬೀದಿಯಲ್ಲಿ ಟೈಲರ್ ಬಾಬಾ ಜಾನ್ ಇದ್ದಾರೆ. ಬೀದಿಯವರೆಲ್ಲ ಬಾಬಣ್ಣ ಅನ್ನುವುದು. ಅವರು ಅಳತೆ ಟೇಪು ಹಿಡಿದು ಸೋಮಶೇಖರ್ ಅವರ ಸುತ್ತ ಒಂದು ಪ್ರದಕ್ಷಿಣೆ ಬಂದರು.

"ರೇಷ್ಮೆ ಬಟ್ಟೆ ಸಾರ್, ಸ್ವಲ್ಪ ಸಡಿಲ ಇರ್ಲಿ. ಬಿಗಿ ಆದ್ರೆ ಎಳಕೊಳುತ್ತೆ."

"ಬೇಡ ಬಾಬಣ್ಣ. ಟೀವಿಯವರೆಲ್ಲ ಬಿಗಿಯಾಗೇ ಹಾಕ್ಕೊಳ್ಳೋದು. ಸ್ಟೇಜ್ ಮೇಲೆ ಚೆನ್ನಾಗಿ ಕಾಣ್ಬೇಕು."

"ನಿಂತು ಮಾತಾಡೋ ಕೆಲಸ ತಾನೆ? ಬಗ್ಗೋದು ಗಿಗ್ಗೋದು ಇಲ್ವಲ್ಲ?"

"ಬಗ್ಗೋ ಜನ ಅಲ್ಲ ನಾವು!"

ಬಾಬಾ ಜಾನ್ ಒಪ್ಪದ ಮನಸ್ಸಿನಿಂದಲೇ ಹೊಲಿದರು. ಭಾನುವಾರ ಬೆಳಿಗ್ಗೆ ಆ ಜುಬ್ಬದೊಳಗೆ ಸೋಮಶೇಖರ್ ಅವರನ್ನು ತುಂಬಲು ಮನೆಯವರೆಲ್ಲ ಕೈ ಹಾಕಬೇಕಾಯಿತು. ಕೆಳಗೆ ಜರಿಪಂಚೆ, ಕಾಲಿಗೆ ಚರ್ಮದ ತಳದ ಹೊಸ ಚಪ್ಪಲಿ. ತಮ್ಮ ಹೊಲಿಗೆ ಸ್ಟೇಜ್ ಮೇಲೆ ಹೇಗೆ ಕಾಣುತ್ತದೋ ನೋಡಬೇಕೆಂದು ಬಾಬಾ ಜಾನ್ ಅಂಗಡಿಗೆ ಬೀಗ ಹಾಕಿ, ಹೆಂಡತಿ ರಹಿಮಾ ಬೀ ಅವರನ್ನೂ ಕರೆದುಕೊಂಡು ಜೊತೆಗೇ ಹೊರಟರು.

ತುಮಕೂರಿನ ಮೈದಾನದಲ್ಲಿ ಜನವೋ ಜನ. ಸೋಮಶೇಖರ್ ನೇರ ವೇದಿಕೆ ಹತ್ತಿದರು. ಅಲ್ಲಿ ಮಾನಸಾ ಎಂಬ ಶಿಕ್ಷಕಿ ಆಗಲೇ ಮೈಕು ಹಿಡಿದು ಮಾತಾಡುತ್ತಿದ್ದರು. ಇವರು ಪಕ್ಕಕ್ಕೆ ಹೋಗಿ ಕೈ ಚಾಚಿದರು.

"ಯಾರು ಸಾರ್ ನೀವು?"

"ನಾನೇ ಆಂಕರ್. ಗುಬ್ಬಿಯಿಂದ."

"ಅಯ್ಯೋ, ಆಂಕರ್‌ಗಳೆಲ್ಲ ಅಲ್ಲಿ ಸಾರ್, ಹಗ್ಗದ ಹತ್ರ" ಎಂದು ಆಕೆ ಮೈದಾನದ ಕಡೆ ತೋರಿಸಿದರು. ಇವರು ಕದಲದಿದ್ದಾಗ ಮೈಕಿನಲ್ಲೇ ಹೇಳಿದರು: "ದಯವಿಟ್ಟು ಗಮನಿಸಿ. ಗುಬ್ಬಿ ಹಗ್ಗಜಗ್ಗಾಟದ ತಂಡದ ಆಂಕರ್ ಒಬ್ಬರು ದಾರಿ ತಪ್ಪಿ ವೇದಿಕೆಗೆ ಬಂದಿರುತ್ತಾರೆ. ರೇಷ್ಮೆ ಜುಬ್ಬ ಹಾಕಿರುತ್ತಾರೆ. ಸಂಬಂಧಪಟ್ಟವರು ಬಂದು ಕರೆದುಕೊಂಡು ಹೋಗತಕ್ಕದ್ದು."

ಸಂಬಂಧಪಟ್ಟ ನಯೀಮ್ ಓಡಿ ಬಂದ. ಕೈ ಹಿಡಿದು ಇಳಿಸಿಕೊಂಡು ಹೋಗಿ, ತೋಳು ದಪ್ಪದ ಹಗ್ಗದ ತುದಿಯನ್ನು ಅವರ ಬೆನ್ನ ಮೇಲಿಂದ ತಂದು ಕಂಕುಳ ಕೆಳಗೆ ಸುತ್ತಿದ. ಸೋಮಶೇಖರ್ ಅವರಿಗೆ ವಿಷಯ ಅರ್ಥವಾಗಿದ್ದು ಹಗ್ಗದ ನಾರು ಕತ್ತಿಗೆ ಚುಚ್ಚಿದಾಗ.

"ಇದೇನಯ್ಯಾ ನಯೀಮಾ?"

"ಏನಿಲ್ಲ ಸಾರ್, ತುಂಬಾ ಸುಲಭ. ಎರಡು ಕಡೆ ಬಲ ಸಮ ಇದ್ರೆ ಹಗ್ಗ ಅಳ್ಳಾಡಲ್ಲ. ಒಂದು ಕಡೆ ಒಂಚೂರು ಜಾಸ್ತಿ ಆಯ್ತೋ, ಆ ಕಡೆಗೆ ಹೊರಟುಬಿಡುತ್ತೆ. ಆ ಒಂಚೂರು ಜಾಸ್ತಿ ಅನ್ನೋದು ನೀವೇ ಸಾರ್."

"ನಾನು ಮನೆಗೆ ಹೋಗ್ತೀನಿ."

ಹೋಗುವುದಕ್ಕೆ ತಿರುಗಿದವರು ಅಲ್ಲೇ ನಿಂತುಬಿಟ್ಟರು. ಹಗ್ಗದ ಆಚೆ ತುದಿಯಲ್ಲಿ, ಚಡ್ಡಿ ಬನಿಯನ್ನಿನಲ್ಲಿ, ಸೊಂಟಕ್ಕೆ ಟವೆಲ್ಲು ಬಿಗಿದು, ಅಷ್ಟೇ ಗಾತ್ರದ ರುದ್ರಯ್ಯನವರು ಕೈ ಬೀಸುತ್ತಿದ್ದರು.

"ಬಂದ್ರಾ ಸ್ವಾಮಿ! ಓಹೋಹೋ! ರೇಷ್ಮೆ ಬೇರೆ ಹಾಕ್ಕೊಂಡು ಬಂದವ್ರೆ! ಮಣ್ಣಿಗೆ ಬೀಳಲ್ಲ ಅನ್ನೋ ಧೈರ್ಯ ನೋಡ್ರಯ್ಯಾ ಅವರಿಗೆ!"

ಗೆರೆಯ ಆಚೆ ನಿಂತಿದ್ದ ಗಂಗಾಂಬಿಕೆ ಓಡಿ ಬಂದರು. "ರೀ, ಮೈಕೆಲ್ರೀ? ಇದ್ಯಾಕೆ ಹಗ್ಗ ಸುತ್ಕೊಂಡಿದೀರಿ?" ಎಂದವರು ಎದುರಿಗಿದ್ದವರನ್ನು ನೋಡಿ ಎದೆ ಹಿಡಿದುಕೊಂಡರು. "ಶಿವನೇ! ಷಡ್ಡಕ ಸೋಲಿಸಿದ್ದು ಇದೇ ಆಟದಲ್ಲಿ ಕಣ್ರೀ! ಗೆದ್ರೆ ಮದುವೆ ಹೋಯ್ತು ಅಂತಾನೇ ಲೆಕ್ಕ. ಸೋತ್ಬಿಡಿ!"

"ಸುಮ್ನೆ ಸೋತ್ರೂ ಆಗಲ್ಲಮ್ಮ" ಎಂದಳು ಹಿಂದೆಯೇ ಬಂದ ಪಲ್ಲವಿ. ಮುಖ ಬಿಳಿಚಿಕೊಂಡಿತ್ತು. "ತಾಕತ್ತಿಲ್ಲದ ಜನ ಅಂತ ಬೇಡ ಅಂದ್ಬಿಡ್ತಾರೆ. ಅಪ್ಪ, ಅವರು ಎಳೆದಷ್ಟೇ ನೀನು ಎಳಿ. ಒಂಚೂರು ಹೆಚ್ಚಿಲ್ಲ, ಒಂಚೂರು ಕಮ್ಮಿಯಿಲ್ಲ. ಸಮ ಮಾಡು."

ಭೌತಶಾಸ್ತ್ರದ ಪುಸ್ತಕದಲ್ಲಿ ಸಮಬಲ, ಅಸಮಬಲ ಎಲ್ಲದಕ್ಕೂ ಪಾಠವಿದೆ. ಆಚೆ ತುದಿಯಲ್ಲಿ ಮಗಳ ಮಾವನಾಗಬೇಕಾದವರು ಇದ್ದರೆ ಎಷ್ಟು ಎಳೆಯಬೇಕು ಎನ್ನುವುದಕ್ಕೆ ಪಾಠವಿಲ್ಲ. ಸೋಮಶೇಖರ್ ಲೆಕ್ಕ ಹಾಕುತ್ತಿರುವಾಗಲೇ ರೆಫರಿ ಪುಟ್ಟರಂಗಯ್ಯ ಮೇಷ್ಟ್ರು ವಿಷಲ್ ಊದಿಬಿಟ್ಟರು. ಮೂರರಲ್ಲಿ ಎರಡು ಸಲ ಗೆದ್ದವರಿಗೆ ಶೀಲ್ಡು.

ಹಗ್ಗ ಬಿಗಿಯಿತು. ಸೋಮಶೇಖರ್ ಕಾಲು ಊರಲು ಹೋದರು. ಊರಲು ಚಪ್ಪಲಿ ಬಿಡಬೇಕಲ್ಲ! ಹೊಸ ಚರ್ಮದ ತಳ, ಕೆಳಗೆ ನುಣ್ಣನೆ ಒಣ ಹುಲ್ಲು. ಅವರು ನಿಂತ ಭಂಗಿಯಲ್ಲೇ, ಕೈಯಲ್ಲಿ ಹಗ್ಗ, ಮುಖದಲ್ಲಿ ಬೀಗರಿಗೆಂದು ತಂದುಕೊಂಡಿದ್ದ ನಗು, ಹೆಜ್ಜೆಯನ್ನೇ ಎತ್ತದೆ ಮುಂದಕ್ಕೆ ಹೊರಟರು. ಎದುರು ಕಡೆಯ ಬಲ ಹೆಚ್ಚಾದಾಗ ವಸ್ತು ಆ ದಿಕ್ಕಿಗೆ ಚಲಿಸುತ್ತದೆ ಎಂದು ಮಗಳು ಶಾಲೆಯಲ್ಲಿ ಹೇಳಿಕೊಡುವ ಪಾಠವನ್ನು ಅಪ್ಪ ಇಡೀ ಜಿಲ್ಲೆಗೆ ಮಾಡಿ ತೋರಿಸಿದರು.

"ಸಾರ್, ಕೈ ಎತ್ತಬೇಡಿ! ಬಗಲಲ್ಲಿ ಬಟ್ಟೆ ಬಿಟ್ಟಿಲ್ಲ!" ಎಂದು ಬಾಬಾ ಜಾನ್ ಗೆರೆಯ ಪಕ್ಕದಲ್ಲೇ ಓಡುತ್ತಾ ಕೂಗಿಕೊಂಡರು.

ಕುಣಿಗಲ್ ಗೆದ್ದಿತು. ರುದ್ರಯ್ಯನವರು ಗೆದ್ದ ಖುಷಿ ಇಲ್ಲದೆ ಸೀದಾ ಇವರ ಹತ್ತಿರ ಬಂದರು.

"ಏನ್ರೀ ಇದು? ಕೈಗೆ ಸಿಕ್ರೆ ಬಿಡಲ್ಲ ಅಂದ್ರಿ, ಬೇರೆಯೋರು ಬಂದು ಕಿತ್ಕೋಬೇಕು ಅಂದ್ರಿ! ಹಸು ಹಂಗೆ ನಡ್ಕೊಂಡು ಬಂದ್ಬಿಟ್ರಲ್ರೀ? ಎಳೆದ ಕಡೆ ಬರೋರ ಜೊತೆ ನೆಂಟಸ್ತನ ಮಾಡೋದು ಹೆಂಗೆ?" ತಲೆಯಾಡಿಸಿ, "ನೋಡಣ" ಎಂದು ವಾಪಸು ಹೋದರು.

ಆ "ನೋಡಣ" ಕೇಳಿ ಪಲ್ಲವಿಯ ಕಣ್ಣು ತುಂಬಿತು. ಅದನ್ನು ನೋಡಿದ ಸೋಮಶೇಖರ್ ಚಪ್ಪಲಿ ಕಿತ್ತೆಸೆದರು. ಪಂಚೆ ಎತ್ತಿ ಕಚ್ಚೆ ಕಟ್ಟಿದರು. ನಯೀಮ್ ಬಂದು, ಹಿಮ್ಮಡಿಯಲ್ಲಿ ಗುಳಿ ಮಾಡಿ ಅದರಲ್ಲಿ ಕಾಲು ಹೂತು, ಹಿಂದಕ್ಕೆ ಒರಗಿ ಮಲಗಿದಂತೆ ನಿಲ್ಲಬೇಕು ಎಂದು ತೋರಿಸಿಕೊಟ್ಟ. ಒರಗಿ ಮಲಗುವುದು ಅವರಿಗೆ ಕಚೇರಿಯಲ್ಲಿ ದಿನಾ ಅಭ್ಯಾಸವಿದ್ದ ಕೆಲಸ, ತಕ್ಷಣ ಬಂತು.

ಅದೇ ಹೊತ್ತಿಗೆ ಆಚೆ ತುದಿಯಲ್ಲಿ ಇನ್ನೊಂದು ಪಾಠ ನಡೆದಿತ್ತು. ರುದ್ರಯ್ಯನವರ ಹೆಂಡತಿ ಸಿದ್ದಲಿಂಗಮ್ಮ ನೀರಿನ ಬಾಟಲಿ ಕೊಡುವ ನೆಪದಲ್ಲಿ ಹೋಗಿ ಗಂಡನನ್ನು ತರಾಟೆಗೆ ತೆಗೆದುಕೊಂಡಿದ್ದರು.

"ನಾಚಿಕೆ ಆಗಲ್ವಾ ನಿಮಗೆ? ಹೆಣ್ಣು ಕೊಡೋರನ್ನ ಊರ ಮುಂದೆ ದರದರ ಎಳ್ಕೊಂಡು ಬಂದ್ರಲ್ಲ! ಪಾಪ, ಆ ಮನುಷ್ಯ ರೇಷ್ಮೆ ಬಟ್ಟೆ ಹಾಕ್ಕೊಂಡು ನಗ್ತಾ ನಗ್ತಾ ಬಂದ್ರು, ನಿಮ್ಮ ಮೇಲಿನ ಗೌರವಕ್ಕೆ! ಅವರು ಬಿಟ್ಕೊಟ್ರು, ನಿಮಗೆ ಅಷ್ಟೂ ತಿಳೀಲಿಲ್ಲ. ನಮ್ಮಕ್ಕನ ಗಂಡನ ಜೊತೆ ಮಾತು ಬಿಟ್ಟಿದ್ದು ಸಾಲದಾ? ಇರೋನೊಬ್ಬ ಮಗ, ಅವನ ಮದುವೆನೂ ಹಗ್ಗಕ್ಕೆ ಕಟ್ಟಿ ಎಳೀರಿ!"

ಚೈತನ್ಯ ಅಪ್ಪನ ಮುಖವನ್ನೇ ನೋಡಿದ. ರುದ್ರಯ್ಯನವರ ಮೀಸೆ ಇಳಿಯಿತು.

ಎರಡನೆಯ ವಿಷಲ್ ಆಯಿತು. ಈ ಕಡೆ ಸೋಮಶೇಖರ್ ಕಣ್ಣು ಮುಚ್ಚಿ ಮಗಳನ್ನು ನೆನೆದು ಹಿಂದಕ್ಕೆ ಒರಗಿದರು. ಆ ಕಡೆ ರುದ್ರಯ್ಯನವರು ಮರ್ಯಾದೆಗೆ ಸ್ವಲ್ಪ ಸಡಿಲ ಬಿಟ್ಟರು. ನಯೀಮ್ ಹೇಳಿದ ಆ "ಒಂಚೂರು" ಈ ಕಡೆಗೆ ಬಂತು. "ಐಸಾ! ಐಸಾ!" ಎನ್ನುವಷ್ಟರಲ್ಲಿ ಕುಣಿಗಲ್ ತಂಡ ಗೆರೆ ದಾಟಿ ಬಂದು ಬಿತ್ತು. ಗುಬ್ಬಿಯವರು ಕುಣಿದಾಡಿದರು. ಸೋಮಶೇಖರ್ ಕಣ್ಣು ಬಿಟ್ಟು ನೋಡಿ, ಕೂತಲ್ಲೇ ಗೊಳೋ ಎಂದು ಅತ್ತರು.

"ಗೆದ್ಬಿಟ್ವಲ್ಲಪ್ಪೋ! ಎಂಥಾ ಕೆಲಸ ಆಯ್ತಪ್ಪಾ, ಗೆದ್ಬಿಟ್ವಲ್ಲ!"

"ಆನಂದಬಾಷ್ಪ" ಎಂದ ನಯೀಮ್, ತಾನೂ ಕಣ್ಣೊರೆಸಿಕೊಂಡು.

"ಬಾಷ್ಪ ಇರ್ಲಿ, ಬಲಗಡೆ ತೋಳು ಪೂರ್ತಿ ಬಿಚ್ಕೊಂಡಿದೆ" ಎಂದರು ಬಾಬಾ ಜಾನ್. ರಹಿಮಾ ಬೀ ತಮ್ಮ ಪರ್ಸಿನಿಂದ ಸೇಫ್ಟಿ ಪಿನ್ನು ತೆಗೆದುಕೊಟ್ಟರು.

ಗಂಗಾಂಬಿಕೆಯವರಂತೂ ಮದುವೆ ಆಸೆಯನ್ನೇ ಬಿಟ್ಟು ನೆಲದ ಮೇಲೆ ಕೂತಿದ್ದರು. ಸೋಮಶೇಖರ್ ಅಲ್ಲಿಂದಲೇ ಹೆಂಡತಿಗೆ ಕೈಸನ್ನೆ ಮಾಡಿದರು: ಮೂರನೆಯದು ಸೋಲುತ್ತೇನೆ, ಹೆದರಬೇಡ. ಆಚೆ ತುದಿಯಲ್ಲಿ ರುದ್ರಯ್ಯನವರೂ ತಮ್ಮ ಹೆಂಡತಿಗೆ ಅದೇ ಸನ್ನೆ ಮಾಡುತ್ತಿದ್ದರು.

ಮೂರನೆಯ ವಿಷಲ್.

ಹಗ್ಗ ಬಿಗಿಯಿತು, ನಿಂತಿತು. ಈ ಕಡೆಗೂ ಬರಲಿಲ್ಲ, ಆ ಕಡೆಗೂ ಹೋಗಲಿಲ್ಲ. ಎರಡೂ ತಂಡದವರು ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಕತ್ತಿನ ನರ ಉಬ್ಬಿಸಿ ಎಳೆಯುತ್ತಿದ್ದರು. ಎಳೆಯದೇ ಇದ್ದವರು ಇಬ್ಬರೇ: ಎರಡು ತುದಿಯ ಆಂಕರ್‌ಗಳು. ನಡುವಿನ ಕೆಂಪು ಬಟ್ಟೆ ಗೆರೆಯ ಮೇಲೆ ಅಲ್ಲಾಡದೆ ನಿಂತಿತು. ಪುಟ್ಟರಂಗಯ್ಯ ಮೇಷ್ಟ್ರು ಬಗ್ಗಿ ಅದನ್ನೇ ನೋಡುತ್ತಾ ನಿಂತರು. ಜನರ ಕೂಗು ಕಮ್ಮಿಯಾಗುತ್ತಾ ಬಂದು ನಿಂತೇಹೋಯಿತು. ಕಡಲೆಕಾಯಿ ಮಾರುವವನು ಕೂಡ ವ್ಯಾಪಾರ ಬಿಟ್ಟು ನೋಡತೊಡಗಿದ.

ಆ ನಿಶ್ಶಬ್ದದಲ್ಲಿ ಸೋಮಶೇಖರ್ ತಮ್ಮ ತಂಡದವರ ತಲೆಗಳ ಮೇಲಿಂದ ಕೂಗಿದರು: "ಸ್ವಾಮಿ, ಎಳೀರಿ!"

"ನೀವು ಎಳೀರಿ ಸ್ವಾಮಿ!" ಎಂದು ಆ ಕಡೆಯಿಂದ ಬಂತು.

"ಎಲ್ಲಾದ್ರೂ ಉಂಟಾ! ಗಂಡಿನ ಕಡೆಯೋರು, ನೀವು ಗೆಲ್ಬೇಕು!"

"ಛೆ ಛೆ! ಹೆಣ್ಣು ಕೊಡೋರು ದೊಡ್ಡೋರು, ನೀವು ಗೆಲ್ಲಿ!"

"ನಿಮ್ಮ ಮುಂದೆ ನಾನಾ? ಬೇಡಿ ಸ್ವಾಮಿ, ಪಾಪ ಬರುತ್ತೆ!"

"ಆಗಲೇ ಒಂದು ಗೆದ್ದು ನನಗೆ ಬಂದಿರೋ ಪಾಪಾನೇ ಸಾಕು!"

"ಸಾರ್, ಏನ್ ಮಾತಾಡ್ತಿದೀರಿ, ಎಳೀರಿ ಸಾರ್!" ಎಂದು ನಯೀಮ್ ಉಸಿರು ಕಟ್ಟಿ ಚೀರಿದ. ಕೇಳುವವರಿರಲಿಲ್ಲ.

ರುದ್ರಯ್ಯನವರಿಗೆ ಉಪಚಾರ ಮಾಡಿ ಅಭ್ಯಾಸ ಕಮ್ಮಿ, ಸಿಟ್ಟು ಮಾಡಿ ಅಭ್ಯಾಸ ಜಾಸ್ತಿ. ಇಷ್ಟು ಹೊತ್ತು ತಡೆದಿದ್ದೇ ಹೆಚ್ಚು. ಕೊನೆಗೆ ಸಿಟ್ಟಿನಲ್ಲೇ ಗುಡುಗಿದರು: "ಅಯ್ಯೋ, ಎಳ್ಕೊಳ್ರೀ ಬೀಗ್ರೇ ಅಂದ್ರೆ!"

ಬೀಗ್ರೇ!

ಗಂಗಾಂಬಿಕೆ ಕೂತಲ್ಲಿಂದ ಎದ್ದು ನಿಂತರು. ಸಿದ್ದಲಿಂಗಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಪಲ್ಲವಿ ಚೈತನ್ಯನನ್ನು ನೋಡಿದಳು, ಚೈತನ್ಯ ಪಲ್ಲವಿಯನ್ನು ನೋಡಿದ. ಇಷ್ಟು ತಿಂಗಳಿಂದ "ನೋಡಣ" ದಾಟದ ಬಾಯಿಂದ ಆ ಮಾತು ಬಂದುಹೋಗಿತ್ತು, ಅದೂ ಇಡೀ ಜಿಲ್ಲೆಯ ನೌಕರರ ಎದುರಿಗೆ. ರುದ್ರಯ್ಯನವರಿಗೂ ತಾವು ಏನಂದೆವು ಎಂದು ಆಗಲೇ ತಿಳಿದದ್ದು. ತಿಳಿದ ಮೇಲೆ ಅವರ ಮುಖ ಅರಳಿತು.

ಬೀಗ್ರೇ ಅಂತ ಕರೆದ ಮೇಲೆ ಕೈ ಮುಗಿಯದೆ ಇರುವುದು ನಮ್ಮ ಕಡೆ ಸಾಧ್ಯವೇ? ಸೋಮಶೇಖರ್ ಎರಡೂ ಕೈ ಎತ್ತಿ ಮುಗಿದರು. ಎಡಗಡೆ ತೋಳೂ ಬಿಚ್ಚಿಕೊಂಡಿತು. ಸುತ್ತಿದ್ದ ಹಗ್ಗ ಜಾರಿ ಬಿತ್ತು. ಅವರು ಮುಗಿದ ಮೇಲೆ ತಾವು ಸುಮ್ಮನಿರುವುದುಂಟೇ ಎಂದು ರುದ್ರಯ್ಯನವರೂ ಕೈ ಮುಗಿದರು. ಅವರ ಹಗ್ಗವೂ ಜಾರಿತು. ಎರಡು ಕಡೆಯಿಂದಲೂ ಒಂದೊಂದು ಆಂಕರ್ ಕಳೆದರೂ ಬಲ ಮೊದಲಿನಂತೆ ಸಮವೇ ಇದ್ದದ್ದರಿಂದ ಹಗ್ಗ ಹಾಗೇ ನಿಂತಿತ್ತು, ಎಳೆಯುವವರಿಗೆ ಏನೂ ಗೊತ್ತಾಗಲಿಲ್ಲ.

ಕೈ ಮುಗಿದವರು ಹಾಗೇ ನಡೆದುಬಂದರು. ಇವರು ಈ ಕಡೆಯಿಂದ, ಅವರು ಆ ಕಡೆಯಿಂದ, ಮಧ್ಯದ ಗೆರೆಯ ಹತ್ತಿರ ಎದುರಾದರು. ಇಬ್ಬರ ಕಣ್ಣಲ್ಲೂ ನೀರು. ಒಬ್ಬರು ಹಗ್ಗದ ಈಚೆ, ಒಬ್ಬರು ಹಗ್ಗದ ಆಚೆ.

"ಅಪ್ಪಾ, ಹಗ್ಗ! ನಡುಮಧ್ಯ ಹಗ್ಗ ಮುಟ್ಬೇಡಿ!" ಎಂದು ಪಲ್ಲವಿ ಕಿರುಚಿದಳು. ಬಿಗಿಯಾಗಿ ಎಳೆದ ಹಗ್ಗದ ನಟ್ಟನಡುವೆ ಸ್ವಲ್ಪ ಒತ್ತಿದರೂ ಎರಡು ತುದಿಗೂ ಹಲವು ಪಟ್ಟು ಎಳೆತ ಬೀಳುತ್ತದೆ ಎಂಬುದು ವಿಜ್ಞಾನ ಹೇಳಿಕೊಡುವ ಅವಳಿಗೆ ಗೊತ್ತು. ಬೀಗರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಅವರು ನಿಲ್ಲುತ್ತಿರಲಿಲ್ಲ.

ಇಬ್ಬರೂ ಹಗ್ಗದ ಮೇಲೆ ಬಾಗಿ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಇಬ್ಬರ ಭಾರವೂ ಹಗ್ಗದ ನಡುವೆ ಬಿತ್ತು. ಗುಬ್ಬಿಯವರು ಮುಂದಕ್ಕೆ ಹಾರಿ ಬಂದರು, ಕುಣಿಗಲ್‌ನವರು ಮುಂದಕ್ಕೆ ಹಾರಿ ಬಂದರು. ಇಷ್ಟು ಹೊತ್ತು ಯಾವ ಕಡೆಗೂ ಕದಲದಿದ್ದ ಹಗ್ಗ ಎರಡೂ ಕಡೆಯವರನ್ನು ಒಟ್ಟಿಗೆ ಎಳೆದು ತಂದು ಬೀಗರ ಮೇಲೆ ಕೆಡವಿತು. ದೊಡ್ಡ ರಾಶಿಯೇ ಆಯಿತು. ಯಾವ ಕಾಲು ಯಾರದು, ಯಾರ ತಾಲ್ಲೂಕು ಯಾವುದು ಎಂದು ಗೊತ್ತಾಗದಂಥ ರಾಶಿ.

ರಾಶಿಯ ಒಳಗಿಂದ ರುದ್ರಯ್ಯನವರ ದನಿ ಬಂತು. "ಬೀಗ್ರೇ, ಇದೀರಾ?"

"ಇದೀನಿ ಬೀಗ್ರೇ. ನಿಮ್ಮ ಮೊಣಕೈ ನನ್ನ ಕಿವೀಲಿದೆ."

"ಇರ್ಲಿ ಬಿಡಿ, ನಮ್ಮೋರದ್ದೇ. ಅಲ್ಲಾ, ಮದುವೆ ಯಾವಾಗ ಇಟ್ಕೊಳ್ಳಣ?"

"ನೀವು ಹೇಳಿದಾಗ."

"ಛೆ, ಹೆಣ್ಣಿನ ಕಡೆಯೋರು ನೀವು ಹೇಳ್ಬೇಕು."

"ಗಂಡಿನ ಕಡೆಯೋರಿರುವಾಗ ನಾನಾ? ನೀವೇ ಹೇಳಿ."

"ನೀವು ಹೇಳ್ರೀ ಅಂದ್ರೆ!"

"ನಿಮ್ಮ ಮಾತೇ ನನ್ನ ಮಾತು, ಹೇಳಿ!"

ಎಲ್ಲರಿಗಿಂತ ಅಡಿಯಲ್ಲಿ, ಕೆಂಪು ಬಟ್ಟೆ ನೋಡಲು ಬಗ್ಗಿದ್ದವರು ಬಗ್ಗಿದ ಹಾಗೇ ಸಿಕ್ಕಿಬಿದ್ದಿದ್ದ ಪುಟ್ಟರಂಗಯ್ಯ ಮೇಷ್ಟ್ರು ಬಾಯಲ್ಲಿದ್ದ ವಿಷಲ್ ಉಗುಳಿ ಅರಚಿಕೊಂಡರು: "ವೈಶಾಖ! ವೈಶಾಖದಲ್ಲಿ ಇಟ್ಕೊಳ್ರಯ್ಯಾ, ನಾನು ಹೇಳ್ತಾ ಇದೀನಿ! ಈಗ ಎದ್ದೇಳ್ರೀ!"

ಎರಡೂ ಕಡೆಯವರು ಒಪ್ಪಿದರು.